ಇದ್ರಲ್ಲಿ ನಮ್ಮೂರು ಎಲ್ಲೈತೆ?

ಶಿವಮೊಗ್ಗದ ವಿನೋಬನಗರದಲ್ಲಿ ಗೆಳೆಯನ ಹೊಸ ಮನೆಯ ಗೃಹಪ್ರವೇಶ. ಬಿಇ ಓದುವಾಗ ನನ್ನ ಬೆಂಚಿನಲ್ಲೇ ಕೂರುತ್ತಿದ್ದವನು. ಬೆಂಗಳೂರಲ್ಲಿ ಹತ್ತು ವರ್ಷ ಕೋಡ್ ಬರೆದು, ಈಗ ಲ್ಯಾಪ್‌ಟಾಪ್ ಸಮೇತ ಊರಿಗೆ ವಾಪಸ್ ಬಂದಿದ್ದಾನೆ. ಹೋಮದ ಹೊಗೆ ಇನ್ನೂ ಹಾಲ್‌ನಲ್ಲೇ ಸುತ್ತುತ್ತಿತ್ತು. ಸೋಫಾ ಮೇಲಿನ ಗೋಡೆಯಲ್ಲಿ ನಾಲ್ಕಡಿ ಅಗಲ, ಮೂರಡಿ ಎತ್ತರದ ಒಂದು ಇಂಡಿಯಾ ನಕಾಶೆ. ಟೀ ಚೆಲ್ಲಿದ ಹಾಗೆ ಕಂದು ಬಣ್ಣ, ಬೆಂಕಿಗೆ ಹಿಡಿದ ಹಾಗೆ ಕಾಣುವ ಅಂಚು, ಅರಬ್ಬಿ ಸಮುದ್ರದಲ್ಲಿ ಒಂದು ಹಾಯಿಹಡಗು, ಅದರ ಪಕ್ಕ ಬಾಯಿ ತೆರೆದ ಒಂದು ಮೀನು-ರಾಕ್ಷಸ. ಸುತ್ತ ಅಂಗೈ ಅಗಲದ ಬಂಗಾರದ ಬಣ್ಣದ ಕಟ್ಟು. ಬಂದವರೆಲ್ಲ ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡರು. ನಾನೂ ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಸೆಲ್ಫಿ ತೆಗೆದುಕೊಳ್ಳದವರು ಇಬ್ಬರೇ. ಒಬ್ಬರು ನಮ್ಮಪ್ಪ, ಇನ್ನೊಬ್ಬರು ಭದ್ರಾವತಿ ಮಾವ. ಅಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಸೋಫಾ ಮೇಲೆ ಒಂದು ಮಂಡಿ ಊರಿ, ಗಾಜಿನ ಹತ್ತಿರ ಮುಖ ತಂದು ಪಶ್ಚಿಮ ಕರಾವಳಿಯ ಉದ್ದಕ್ಕೂ ಹುಡುಕಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ತಮ್ಮಾ, ಇದ್ರಲ್ಲಿ ನಮ್ಮೂರು ಎಲ್ಲೈತೆ?"

ನಾನೂ ಹುಡುಕಿದೆ. ಶಿವಮೊಗ್ಗ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಮಸಿ ಗುಡ್ಡೆ. ಅಕ್ಷರಗಳಿವೆ, ಆದರೆ ಓದಲು ಬರುವುದಿಲ್ಲ. ವಾಟ್ಸಾಪಲ್ಲಿ ಇಪ್ಪತ್ತು ಗ್ರೂಪ್ ದಾಟಿ ಬಂದ ಫೋಟೋ ಹಾಗೆ ಕರಗಿಹೋಗಿವೆ. ಬಹಳ ಕಷ್ಟಪಟ್ಟು ಒಂದು ಹೆಸರು ಹಿಡಿದೆ: ಬೆಡ್ನೋರ್. ಅಂದರೆ ನಮ್ಮ ಬಿದನೂರು, ಇವತ್ತಿನ ಹೊಸನಗರ ತಾಲೂಕಿನ ನಗರ. "ಅದು ಬಿಟ್ರೆ ಏನೂ ಕಾಣಲ್ಲ ಅಪ್ಪ" ಅಂದೆ. ಅವರು "ಹಂಗಾದ್ರೆ ಯಾಕೆ ಹಾಕ್ಯಾರೆ?" ಅಂದರು. ನಾನು ಹೋಳಿಗೆ ಬಡಿಸುತ್ತಿದ್ದಾರೆ ಬನ್ನಿ ಎಂದು ಕರೆದುಕೊಂಡು ಹೋದೆ.

ಆ ಪ್ರಶ್ನೆಗೆ ಆವತ್ತು ಉತ್ತರ ಇರಲಿಲ್ಲ. ಆಮೇಲೆ ಹುಡುಕಿಕೊಂಡೆ. ಈ ಬರಹ ಅದೇ. ಹಳೆ ನಕಾಶೆಗಳ ಪ್ರತಿಗಳು ಈಗ ಎಲ್ಲ ಕಡೆ ಇವೆ. ಕಾಫಿ ಶಾಪು, ಹೋಮ್‌ಸ್ಟೇ, ಸ್ಟಾರ್ಟಪ್‌ಗಳ ಮೀಟಿಂಗ್ ರೂಮು, ನಿಮ್ಮ ಮನೆ, ನನ್ನ ಹಿಂದಿನ ಬಾಡಿಗೆ ಮನೆ. ಸಿನಿಮಾಗೆ ವಿಮರ್ಶೆ ಬರೆಯುತ್ತೇವೆ, ಹೋಟೆಲ್ ದೋಸೆಗೆ ಬರೆಯುತ್ತೇವೆ. ದಿನಾ ಎದುರಿಗೆ ಕಾಣುವ ಈ ವಸ್ತುವಿಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲು ಬಣ್ಣದ ವಿಚಾರ. ಇದನ್ನು ನನಗೆ ಹೇಳಿಕೊಟ್ಟವರು ಭದ್ರಾವತಿ ಮಾವ. ಮಾವ ಪೇಪರ್ ಟೌನಿನವರು. ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಸರ್ವಿಸ್ ಮುಗಿಸಿ ರಿಟೈರ್ ಆದವರು. 1936ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಬರೆಯುವ ಕಾಗದವೂ ಆಗುತ್ತಿತ್ತು, ಪತ್ರಿಕೆಗಳ ನ್ಯೂಸ್‌ಪ್ರಿಂಟೂ ಆಗುತ್ತಿತ್ತು. ಈಗ ಕೆಲವು ವರ್ಷಗಳಿಂದ ಯಂತ್ರಗಳು ನಿಂತಿವೆ. ಆದರೆ ಮಾವನ ಕೈ ನಿಂತಿಲ್ಲ. ಮದುವೆ ಕಾರ್ಡ್ ಕೊಟ್ಟರೂ ಮೊದಲು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ಆಮೇಲೆ ಮುಹೂರ್ತ ಓದುತ್ತಾರೆ.

ಊಟದ ಎಲೆ ಮುಂದೆ ಕೂತು ಮಾವ ಅಂದರು: "ಅಳಿಯಾ, ಆ ನಕಾಶೆ ಬಣ್ಣ ಸುಳ್ಳು. ಹಳೇ ಕಾಗದ ಹಂಗೆ ಆಗಲ್ಲ. ಪೇಪರ್ ಹಂಗೆ ಆಗೋದು."

ಪೇಪರ್ ಅಂದರೆ ದಿನಪತ್ರಿಕೆ. ಮರದ ತಿರುಳಿನಲ್ಲಿ ಲಿಗ್ನಿನ್ ಅಂತ ಒಂದು ಪದಾರ್ಥ ಇದೆ. ಮರವನ್ನು ಅರೆದು ಮಾಡುವ ಅಗ್ಗದ ಕಾಗದದಲ್ಲಿ ಅದು ಉಳಿದುಬಿಡುತ್ತದೆ. ಬೆಳಕು, ಗಾಳಿ ತಾಗಿದರೆ ಹಳದಿಯಾಗಿ ಆಮೇಲೆ ಕಂದಾಗುತ್ತದೆ. ಅಟ್ಟದ ಮೇಲೆ ಎಸೆದ ಪತ್ರಿಕೆ ಯಾಕೆ ಆ ಬಣ್ಣಕ್ಕೆ ಬರುತ್ತದೆ ಅನ್ನುವುದಕ್ಕೆ ಕಾರಣ ಅದೇ. ಆದರೆ ಮರದ ತಿರುಳಿನ ಕಾಗದ ದೊಡ್ಡ ಪ್ರಮಾಣದಲ್ಲಿ ಬಂದದ್ದು 19ನೇ ಶತಮಾನದ ಮಧ್ಯಭಾಗದ ನಂತರ. ಅದಕ್ಕೂ ಮೊದಲು ಯುರೋಪಿನಲ್ಲಿ ನಕಾಶೆ ಅಚ್ಚು ಹಾಕುತ್ತಿದ್ದದ್ದು ಹಳೆ ಬಟ್ಟೆ ಚಿಂದಿ ಕೊಳೆಸಿ ಮಾಡಿದ ಕಾಗದದ ಮೇಲೆ. ಹತ್ತಿ ಮತ್ತು ನಾರಗಸೆಯ ಚಿಂದಿ. ಅದರಲ್ಲಿ ಲಿಗ್ನಿನ್ ತೀರಾ ಕಡಿಮೆ. ಚೆನ್ನಾಗಿ ಇಟ್ಟಿದ್ದರೆ 250 ವರ್ಷದ ನಕಾಶೆ ನಿಮ್ಮ ಮನೆಯ ಹತ್ತು ವರ್ಷದ ಪತ್ರಿಕೆಗಿಂತ ಬೆಳ್ಳಗಿರುತ್ತದೆ. ಅಲ್ಲಲ್ಲಿ ಕಲೆ, ಮಡಿಕೆಯ ಗುರುತು ಇರಬಹುದು. ತಾಮ್ರದ ತಗಡಿನಿಂದ ಒತ್ತಿದ್ದರಿಂದ ಸುತ್ತ ತಗಡಿನ ಅಂಚು ಒತ್ತಿದ ಗುರುತು ಬೆರಳಿಗೆ ಸಿಗುತ್ತದೆ. ಒಟ್ಟಿನಲ್ಲಿ ನಾವು "ಆ್ಯಂಟಿಕ್" ಅಂತ ದುಡ್ಡು ಕೊಟ್ಟು ತರುವ ಬಣ್ಣ ರದ್ದಿ ಪೇಪರಿನ ಬಣ್ಣ. ಫಿಲ್ಟರ್ ಹಾಕಿದವನು ಹಳೆ ನಕಾಶೆ ನೋಡಿರಲಿಲ್ಲ, ಹಳೆ ಪತ್ರಿಕೆ ನೋಡಿದ್ದ.

ಎರಡನೆಯದು ಅಕ್ಷರ. ಇದು ನಮ್ಮ ವೃತ್ತಿಯವರಿಗೆ ಬೇಗ ಅರ್ಥವಾಗುವ ಲೆಕ್ಕ. ಸಾಮಾನ್ಯವಾಗಿ ನೆಟ್‌ನಲ್ಲಿ ಸಿಗುವ ಚಿತ್ರ 2,000 ಪಿಕ್ಸೆಲ್ ಅಗಲ ಇರುತ್ತದೆ ಅಂದುಕೊಳ್ಳಿ. ಅದನ್ನು 48 ಇಂಚಿಗೆ ಎಳೆದರೆ ಒಂದು ಇಂಚಿಗೆ 42 ಪಿಕ್ಸೆಲ್ ಕೂಡ ಸಿಗುವುದಿಲ್ಲ. ತಾಮ್ರದ ಮೇಲೆ ಸೂಜಿಯಂಥ ಉಳಿಯಲ್ಲಿ ಕೊರೆದ ಸಣ್ಣ ಅಕ್ಷರ ಓದಬೇಕಾದರೆ ಇಂಚಿಗೆ 300 ಬೇಕು, ಅಂದರೆ 14,400 ಪಿಕ್ಸೆಲ್ ಅಗಲದ ಸ್ಕ್ಯಾನ್. ಅಂಥ ದೊಡ್ಡ ಸ್ಕ್ಯಾನ್‌ಗಳು ಇಲ್ಲವೆಂದಲ್ಲ. ಡೇವಿಡ್ ರಮ್ಸೆ ನಕಾಶೆ ಸಂಗ್ರಹದಂಥ ತಾಣಗಳಲ್ಲಿ ದೊಡ್ಡ ಗಾತ್ರದ ಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮಾರುವವರು ಅಷ್ಟು ಕಷ್ಟಪಡುವುದಿಲ್ಲ, ಯಾಕೆಂದರೆ ಕೊಳ್ಳುವ ನಾವು ಓದುವುದಿಲ್ಲ. ದೂರದಿಂದ ನೋಡಿದರೆ ಹಳೆಯದು ಅನ್ನಿಸಿದರೆ ಸಾಕು.

ಹಾಗೆ ಇಳಿಸಿಕೊಂಡು ಹೋಲಿಸಿದಾಗಲೇ ಗೆಳೆಯನ ಗೋಡೆ ಮೇಲಿನದು ಯಾವುದು ಅಂತ ಗೊತ್ತಾಗಿದ್ದು. ಜೇಮ್ಸ್ ರೆನ್ನೆಲ್ ಎಂಬಾತ 1782ರಲ್ಲಿ ಹೊರತಂದ ಹಿಂದೂಸ್ತಾನದ ನಕಾಶೆ. ರೆನ್ನೆಲ್ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಸರ್ವೇಯರ್ ಜನರಲ್ ಆಗಿದ್ದವನು. ಬಂಗಾಳವನ್ನು ಅಳೆದದ್ದು ಆತ ಮತ್ತು ಆತನ ಜನ. ನಮ್ಮ ಕಡೆ ಆತ ಅಳೆಯಲು ಬಂದವನಲ್ಲ. ದಕ್ಷಿಣದ ಒಳನಾಡನ್ನು ಸೈನ್ಯ ನಡೆದ ದಾರಿಯ ಟಿಪ್ಪಣಿ, ಇತರರ ನಕಾಶೆ, ಪ್ರಯಾಣಿಕರ ಬರಹಗಳಿಂದ ಜೋಡಿಸಿದ್ದು. ಬಿದನೂರು 1763ರಲ್ಲೇ ಹೈದರಾಲಿಯ ಕೈಸೇರಿ ಹೈದರ್‌ನಗರ ಎನಿಸಿಕೊಂಡಿತ್ತು. ದುಡ್ಡಿನ ಊರು, ಎಲ್ಲರ ಕಣ್ಣು ಅದರ ಮೇಲೆ. ಅದಕ್ಕೇ ಅದು ಅಷ್ಟು ದಪ್ಪ ಅಕ್ಷರದಲ್ಲಿ ಬಂತು. ಉಳಿದ ಮಲೆನಾಡು ಅಂದರೆ ಕಂಬಳಿಹುಳು ಸಾಲುಗಟ್ಟಿ ಹೋದಂತೆ ಬರೆದ ಬೆಟ್ಟಗಳು. ಇದು ಬೈಗುಳವಲ್ಲ. ಎಷ್ಟು ಗೊತ್ತಿತ್ತೋ ಅಷ್ಟು ಬರೆದಿದ್ದಾನೆ. ಆ ಖಾಲಿ ಜಾಗವೇ ಆ ನಕಾಶೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ.

ಆದರೆ ಗೋಡೆ ಮೇಲಿನ ಪ್ರತಿಯಲ್ಲಿ ಆ ಖಾಲಿ ಜಾಗದ ಮೇಲೂ ಕಂದು ಕಲೆ ತುಂಬಿದ್ದಾರೆ. ಮೀನು-ರಾಕ್ಷಸ ಮೂಲದಲ್ಲಿ ಇಲ್ಲವೇ ಇಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಇಂಥ ಸರ್ವೆ ನಕಾಶೆಗಳಿಂದ ರಾಕ್ಷಸರು ಜಾಗ ಖಾಲಿ ಮಾಡಿದ್ದರು. ಇದನ್ನು ಇನ್ನೂರು ವರ್ಷ ಹಿಂದಿನ ಬೇರೆ ಯಾವುದೋ ನಕಾಶೆಯಿಂದ ಕತ್ತರಿಸಿ ಅಂಟಿಸಿದ್ದಾರೆ.

ಇನ್ನೊಂದು ತಮಾಷೆ ನೋಡಿ. ಶೀರ್ಷಿಕೆಯ ಸುತ್ತ ಒಂದು ಚಿತ್ರ ಇದೆ. ಗೃಹಪ್ರವೇಶಕ್ಕೆ ಬಂದಿದ್ದ ಒಬ್ಬರು ಅದನ್ನು ನೋಡಿ "ಯಾರಿಗೋ ಸನ್ಮಾನ ಮಾಡ್ತಾ ಇದಾರೆ" ಅಂದರು. ಮಸುಕಾದ ಪ್ರತಿಯಲ್ಲಿ ಹಾಗೇ ಕಾಣುತ್ತದೆ. ಸ್ಪಷ್ಟವಾದ ಸ್ಕ್ಯಾನ್‌ನಲ್ಲಿ ನೋಡಿದರೆ ಅದು ಬ್ರಿಟಾನಿಯಾ, ಬ್ರಿಟನ್ ದೇಶವನ್ನು ಹೆಣ್ಣಾಗಿ ಬರೆದದ್ದು. ಪಂಡಿತರು ಬಂದು ತಮ್ಮ ಶಾಸ್ತ್ರಗ್ರಂಥಗಳನ್ನು ಅವಳ ಕೈಗೆ ಒಪ್ಪಿಸುತ್ತಿದ್ದಾರೆ, ಕಾಪಾಡಮ್ಮಾ ಅಂತ. ಅಂದರೆ ಆ ಅಲಂಕಾರ ಬರೀ ಅಲಂಕಾರವಾಗಿರಲಿಲ್ಲ, ಕಂಪನಿ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು. ಅದನ್ನು ಗೋಡೆಗೆ ಹಾಕಬಾರದು ಅಂತ ನಾನು ಹೇಳುವುದಿಲ್ಲ. ಹಾಕಿ, ಓದಲು ಬರುವಂತೆ ಹಾಕಿ. ಮಸುಕು ಮಾಡಿ ಹಾಕಿದರೆ ಜಗಳ ಆಡಲೂ ಆಗದು, ಮೆಚ್ಚಲೂ ಆಗದು.

ಮೂರನೆಯದು ಕಟ್ಟು. ನನ್ನ ಮುಖ್ಯ ತಕರಾರು ಇಲ್ಲಿದೆ. ಮೂಲದ ಸುತ್ತ ಅಕ್ಷಾಂಶ ರೇಖಾಂಶದ ಅಂಕಿಗಳಿರುವ ಪಟ್ಟಿ ಇರುತ್ತದೆ, ಅಳತೆಯ ಪಟ್ಟಿ ಇರುತ್ತದೆ, ಯಾರು ಯಾವಾಗ ಎಲ್ಲಿ ಪ್ರಕಟಿಸಿದರು ಅಂತ ಸಣ್ಣ ಅಕ್ಷರದ ಸಾಲು ಇರುತ್ತದೆ. ಗೆಳೆಯನ ಮನೆಯ ಕಟ್ಟಿನಲ್ಲಿ ಇವು ಒಂದೂ ಇಲ್ಲ. ರೆಡಿಮೇಡ್ ಫ್ರೇಮಿನ ಅಳತೆಗೆ ನಕಾಶೆಯನ್ನು ಕತ್ತರಿಸಿದ್ದಾರೆ. ಕೆಳಗೆ ಹಿತ್ತಾಳೆ ತಗಡಿನ ಮೇಲೆ "ವಿಂಟೇಜ್ ಮ್ಯಾಪ್ ಆಫ್ ಇಂಡಿಯಾ" ಅಂತ ಬರೆಸಿದ್ದಾರೆ. ಹೆಸರಿಲ್ಲ, ವರ್ಷವಿಲ್ಲ, ಅಳತೆಯಿಲ್ಲ. ಹೋಟೆಲ್ ಮೆನುವಿನಲ್ಲಿ "ತಿಂಡಿ" ಅಂತ ಮಾತ್ರ ಬರೆದ ಹಾಗೆ.

ಈ ಹೆಸರುಗಳು ಯಾಕೆ ಮುಖ್ಯ ಅಂದರೆ, ನಕಾಶೆ ತಾನಾಗೇ ಹುಟ್ಟುವುದಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ವಿವರವಾಗಿ ಸರ್ವೆ ಮಾಡಿದವನು ಕಾಲಿನ್ ಮೆಕೆಂಜಿ. ಆತನ ಜೊತೆ ಊರೂರು ತಿರುಗಿ ಶಾಸನ, ಕೈಫಿಯತ್ತು, ವಂಶಾವಳಿ ಕೂಡಿಸಿದವರು ಕಾವಲಿ ವೆಂಕಟ ಬೋರಯ್ಯ, ಆತನ ತಮ್ಮ ಲಕ್ಷ್ಮಯ್ಯ, ನಮ್ಮ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಆತನ ಜೊತೆ ನಿಂತವರು ನಮ್ಮ ದೇಶದ ಮೂವರು, ಹಿಂದೆ ದೂರದಲ್ಲಿ ಗೊಮ್ಮಟ. ಮೆಕೆಂಜಿಗೆ ಕಟ್ಟು ಹಾಕಿದವನಿಗೆ ಅವರನ್ನು ಕತ್ತರಿಸಿ ಹೊರಗಿಡಬೇಕು ಅನ್ನಿಸಲಿಲ್ಲ. ನಮ್ಮ ಫ್ರೇಮಿನವರಿಗೆ ಅನ್ನಿಸುತ್ತದೆ.

ಇಷ್ಟು ಹೇಳಿದ ಮೇಲೆ ಗೆಳೆಯನ ಪರವಾಗಿಯೂ ಮಾತಾಡಬೇಕು. ಫೋನ್ ಮಾಡಿ ನನ್ನ ಸಂಶೋಧನೆಯನ್ನೆಲ್ಲ ಒಪ್ಪಿಸಿದಾಗ ಅವನು ತಣ್ಣಗೆ ಕೇಳಿದ: "ಲೋ, ಗೋಡೆ ಖಾಲಿ ಇತ್ತು ಕಣೋ. ಎಂಟು ಕುದುರೆ ಓಡೋ ಪೋಸ್ಟರ್ ಬದಲು ಇದು ಹಾಕ್ದೆ. ತಪ್ಪೇನು?" ತಪ್ಪೇನಿಲ್ಲ. ನಕಾಶೆಯನ್ನು ಚೆಂದಕ್ಕೆ ಗೋಡೆಗೆ ಹಾಕುವುದು ನಮ್ಮ ಕಾಲದ ಕಾಯಿಲೆಯೂ ಅಲ್ಲ. ಡಚ್ ಚಿತ್ರಕಾರ ವರ್ಮೀರ್ 1650ರ ದಶಕದ ಕೊನೆಯ ಹೊತ್ತಿಗೆ ಬರೆದ ಒಂದು ಚಿತ್ರದಲ್ಲಿ ಕೆಂಪು ಅಂಗಿಯ ಸಿಪಾಯಿಯ ಎದುರು ಹುಡುಗಿಯೊಬ್ಬಳು ನಗುತ್ತಾ ಕೂತಿದ್ದಾಳೆ. ಹಿಂದಿನ ಗೋಡೆಯಲ್ಲಿ ದೊಡ್ಡ ನಕಾಶೆ. ಆಗಿನ ವರ್ತಕರು ಇಂಥವನ್ನು ಬ್ಲಾವ್‌ನಂಥ ಪ್ರಕಾಶಕರಿಂದ ಕೊಂಡು ಹಾಲ್‌ನಲ್ಲಿ ತೂಗುಹಾಕುತ್ತಿದ್ದರು. ಶೋಕಿಗೇ.

ಆದರೆ ಆ ಚಿತ್ರದಲ್ಲಿರುವುದು ಯಾವ ನಕಾಶೆ? ಹಾಲೆಂಡ್ ಮತ್ತು ವೆಸ್ಟ್ ಫ್ರೀಸ್‌ಲ್ಯಾಂಡ್. ಅವರದೇ ಸೀಮೆ. ಆ ಹುಡುಗಿ ಎದ್ದು ಹೋಗಿ ತನ್ನ ಊರಿನ ಮೇಲೆ ಬೆರಳಿಡಬಹುದು. ಅವರ ಶೋಕಿಗೂ ನಮ್ಮ ಶೋಕಿಗೂ ಇರುವ ವ್ಯತ್ಯಾಸ ಇಷ್ಟೇ. ನಾವು ಕೊಳ್ಳುವ ನಕಾಶೆಯಲ್ಲಿ ನಮ್ಮ ಊರು ಇರುವುದಿಲ್ಲ, ಇದ್ದರೂ ಓದಲಾಗುವುದಿಲ್ಲ. ಮೂರಡಿಯಲ್ಲಿ ಇಡೀ ಇಂಡಿಯಾ ತುಂಬಿದರೆ ಶಿವಮೊಗ್ಗದಿಂದ ಭದ್ರಾವತಿಗೆ ಇರುವ ಸುಮಾರು 20 ಕಿಲೋಮೀಟರ್ ದೂರಕ್ಕೆ ಸಿಗುವ ಜಾಗ 6 ಮಿಲಿಮೀಟರ್. ಅದೂ ಭದ್ರಾವತಿ ಅಂತ ಹುಡುಕಿದರೆ ಹಳೆಯದರಲ್ಲಿ ಸಿಗುವುದೇ ಇಲ್ಲ. ಆ ಊರಿನ ಹಳೆ ಹೆಸರು ಬೆಂಕಿಪುರ. ಉಕ್ಕಿನ ಊರಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ ಅನ್ನಿಸುತ್ತೆ, ಅದು ಬೇರೆ ಮಾತು. ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ, ಹೆಸರು ಅದಕ್ಕಿಂತ ಹಳೆಯದು.

ಈಗ ನಮ್ಮಪ್ಪನ ಪ್ರಶ್ನೆಗೆ ಬರುತ್ತೇನೆ. ಅವರು ಹುಡುಕುತ್ತಿದ್ದದ್ದು ಶಿವಮೊಗ್ಗವನ್ನಲ್ಲ, ನಾನು ಹುಟ್ಟಿ ಬೆಳೆದ ಹಳ್ಳಿಯನ್ನೂ ಅಲ್ಲ. ಅವರು ಹುಟ್ಟಿದ ಊರು ಸಾಗರ ತಾಲೂಕಿನಲ್ಲಿ ಶರಾವತಿ ಪಕ್ಕ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಊರು ಬಿಟ್ಟರು. ಅಂಥ ಕುಟುಂಬಗಳನ್ನು ಲಾರಿಯಲ್ಲಿ ತಂದು ಶಿವಮೊಗ್ಗ, ಭದ್ರಾವತಿ ಸುತ್ತಮುತ್ತಲ ತಾಲೂಕುಗಳ ಕಾಡಿನ ಅಂಚಿನಲ್ಲಿ ಇಳಿಸಿದರು. ಕೊಟ್ಟ ಜಾಗ ಕಂದಾಯದ ನಕಾಶೆಯಲ್ಲಿ ಒಂದು, ಅರಣ್ಯದ ನಕಾಶೆಯಲ್ಲಿ ಇನ್ನೊಂದು. ಎಷ್ಟೋ ಜನರ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ನಮ್ಮಂಥ ಮನೆಗಳಲ್ಲಿ "ನಕಾಶೆ" ಅನ್ನುವ ಮಾತು ಅಲಂಕಾರದ ಪಟ್ಟಿಯಲ್ಲಿ ಬರುವುದಿಲ್ಲ. ಪಹಣಿ, ಟಿಪ್ಪಣಿ, ಆಕಾರ್‌ಬಂದ್ ಜೊತೆ ಟ್ರಂಕಿನಲ್ಲಿ ಇರುತ್ತದೆ. "ನಕಾಶೇಲಿ ದಾರಿ ಐತೆ" ಅಂದರೆ ಜಗಳ ಗೆದ್ದ ಹಾಗೆ.

ನಮ್ಮ ಟ್ರಂಕಿನಲ್ಲಿ ಅಪ್ಪನ ಮುಳುಗಿದ ಊರಿನ ಗ್ರಾಮನಕಾಶೆಯ ದೃಢೀಕೃತ ನಕಲು ಒಂದಿತ್ತು. ಗ್ರಾಮನಕಾಶೆ ನೋಡಿಲ್ಲದವರಿಗೆ ಹೇಳುತ್ತೇನೆ. ಅದರ ಅಳತೆ ಒಂದು ಇಂಚಿಗೆ 20 ಸರಪಳಿ. ಸರಪಳಿ ಅಂದರೆ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಲೆಕ್ಕ ಹಾಕಿದರೆ 1:7920. ಇದೇ ಅಳತೆಯಲ್ಲಿ ಶಿವಮೊಗ್ಗದಿಂದ ಭದ್ರಾವತಿವರೆಗೆ ಬರೆದರೆ ಎರಡೂವರೆ ಮೀಟರ್ ಉದ್ದದ ಕಾಗದ ಬೇಕು. ಅಲ್ಲಿ 6 ಮಿಲಿಮೀಟರ್, ಇಲ್ಲಿ ಎರಡೂವರೆ ಮೀಟರ್. ಸರ್ವೆ ನಂಬರ್, ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ, ಬಾಂದುಕಲ್ಲು ಎಲ್ಲ ಇರುತ್ತದೆ. ಹಡಗಿಲ್ಲ, ರಾಕ್ಷಸನಿಲ್ಲ. ಕಪ್ಪು ಗೆರೆ ಮತ್ತು ಅಂಕಿ, ಅಷ್ಟೇ. ನನಗೆ ಗೊತ್ತಿರುವ ನಕಾಶೆಗಳಲ್ಲಿ ಅದಕ್ಕಿಂತ ಚೆಂದದ್ದು ಇಲ್ಲ.

ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅಪ್ಪನಿಗೆ ಏನಾದರೂ ಕೊಡಬೇಕು ಅಂತ ಆ ನಕಲನ್ನು ಅವರಿಗೆ ಹೇಳದೆ ಟ್ರಂಕಿನಿಂದ ತೆಗೆದು, ಕಟ್ಟು ಹಾಕಿಸಲು ಒಂದು ಅಂಗಡಿಗೆ ಕೊಟ್ಟೆ. ದೇವರ ಫೋಟೋ, ತೀರಿಕೊಂಡ ಹಿರಿಯರ ಫೋಟೋ, ಸನ್ಮಾನ ಪತ್ರಗಳಿಗೆ ಕಟ್ಟು ಹಾಕುವ ಅಂಗಡಿ. ಅವರು "ಸಾರ್, ಸೈಜ್ ಸ್ವಲ್ಪ ಹೆಚ್ಚಾಗುತ್ತೆ, ಸೈಡ್ ಕಟ್ ಮಾಡ್ಲಾ?" ಅಂತ ಕೇಳಿದರು. ನಾನು ಮೊಬೈಲ್ ನೋಡುತ್ತಾ "ನೀಟಾಗಿ ಬರಬೇಕು ಅಣ್ಣಾ, ಅಷ್ಟೇ" ಅಂದೆ. ನೀಟಾಗಿಯೇ ಬಂತು. ಸುತ್ತ ಅಂಚು ಕತ್ತರಿಸಿ, ಹಿಂದೆ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಮೆತ್ತಿ, ಗಾಜು ಹಾಕಿ ಕೊಟ್ಟರು.

ಕತ್ತರಿಸಿದ ಅಂಚಿನಲ್ಲಿ ಅಳತೆ ಇತ್ತು. ಕಚೇರಿಯ ಮೊಹರು, ಸಹಿ, ತಾರೀಕು ಇತ್ತು. ಮುಂದೆ ಹಕ್ಕುಪತ್ರದ ಕಡತಕ್ಕೆ ಹಳೆ ಊರಿನ ದಾಖಲೆ ಕೇಳಿದಾಗ ನಮ್ಮ ಹತ್ತಿರ ಇದ್ದದ್ದು ಗಾಜಿನೊಳಗಿನ ಒಂದು ಚಿತ್ರ. ಬೋರ್ಡಿನಿಂದ ಬಿಡಿಸಲು ಹೋದರೆ ಕಾಗದ ಹರಿಯುತ್ತಿತ್ತು. ಬಿಡಿಸಿದರೂ ಮೊಹರಿಲ್ಲದ ನಕಾಶೆಗೆ ಬೆಲೆ ಏನು? ಮತ್ತೆ ಅರ್ಜಿ ಹಾಕಿ, ಮತ್ತೆ ಓಡಾಡಿ, ಇನ್ನೊಂದು ನಕಲು ಸಿಗುವ ಹೊತ್ತಿಗೆ ಅಪ್ಪ ಎಷ್ಟು ಸಲ ಬಸ್ ಹತ್ತಿದರೋ ನಾನು ಲೆಕ್ಕ ಇಟ್ಟಿಲ್ಲ. ನಾನು ಬೆಂಗಳೂರಿನಲ್ಲಿದ್ದೆ. ಅಂಗಡಿಯವರದು ತಪ್ಪಲ್ಲ. ಕೇಳಿಯೇ ಕತ್ತರಿಸಿದರು.

ಅಪ್ಪ ಬೈಯಲಿಲ್ಲ. ಆ ಕಟ್ಟನ್ನು ನಡುಮನೆಯ ಗೋಡೆಗೆ ಹೊಡೆದರು, ಇವತ್ತಿಗೂ ಅಲ್ಲೇ ಇದೆ. ಮುಳುಗಿದ ಊರಿನ ಕಡೆಯ ನೆಂಟರು, ಈಗ ಎಲ್ಲರೂ ವಯಸ್ಸಾದವರು, ಮನೆಗೆ ಬಂದಾಗ ಕಾಫಿ ಲೋಟ ಹಿಡಿದೇ ಅದರ ಮುಂದೆ ನಿಲ್ಲುತ್ತಾರೆ. "ಇದು ನಿಮ್ಮ ಅಡಿಕೆ ತೋಟ. ಇಲ್ಲಿಂದ ಹಳ್ಳಕ್ಕೆ ಇಷ್ಟೇ ದೂರ, ಬೀಡಿ ಹಚ್ಚಿದ್ರೆ ಮುಗಿಯೋದ್ರೊಳಗೆ ಹೋಗಬಹುದಿತ್ತು." ಅಳತೆಪಟ್ಟಿ ನಾನು ಕಳೆದೆ, ಅವರು ಬೀಡಿಯಲ್ಲಿ ಅಳೆಯುತ್ತಾರೆ. ಗಾಜಿನ ಮೇಲೆ ಹಳ್ಳ ಮತ್ತು ದೇವಸ್ಥಾನ ಇರುವ ಜಾಗದಲ್ಲಿ ಬೆರಳಿನ ಜಿಡ್ಡು ಕಟ್ಟಿರುತ್ತದೆ. ಅಮ್ಮ ಹಬ್ಬಕ್ಕೆ ಒರೆಸುತ್ತಾರೆ, ಮತ್ತೆ ಕಟ್ಟುತ್ತದೆ.

ಹಾಗಾಗಿ ಗೋಡೆಗೆ ಹಾಕಿದ ನಕಾಶೆ ಒಳ್ಳೆಯದೋ ಅಲ್ಲವೋ ಅಂತ ನೋಡಲು ನನ್ನ ಹತ್ತಿರ ಈಗ ಒಂದೇ ಪರೀಕ್ಷೆ ಇದೆ: ಗಾಜಿನ ಮೇಲೆ ಬೆರಳಿನ ಗುರುತು ಇದೆಯಾ? ಗೃಹಪ್ರವೇಶ ಕಳೆದು ಆರು ತಿಂಗಳಿಗೆ ಗೆಳೆಯನ ಮನೆಗೆ ಹೋದಾಗ ಅವನ ಗಾಜು ಫಳಫಳ ಅನ್ನುತ್ತಿತ್ತು. ಅಪ್ಪ ಹುಡುಕಿದ ಮೇಲೆ ಬೇರೆ ಯಾರೂ ಅದರ ಹತ್ತಿರ ಹೋದಂತಿರಲಿಲ್ಲ.

ನೀವೂ ಹಾಕಿಸುವವರಿದ್ದರೆ, ನಾನು ತೆತ್ತು ಕಲಿತದ್ದನ್ನು ಪುಕ್ಕಟೆ ಹೇಳುತ್ತೇನೆ. ಮೂಲ ದಾಖಲೆಗೆ ಯಾವತ್ತೂ ಕಟ್ಟು ಹಾಕಿಸಬೇಡಿ. ದೊಡ್ಡ ರೆಸಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿಸಿ ಪ್ರತಿಗೆ ಹಾಕಿಸಿ, ಮೂಲ ಟ್ರಂಕಿಗೆ ಹೋಗಲಿ. ಅಂಚು ಕತ್ತರಿಸಬೇಡಿ. ಕಟ್ಟು ನಕಾಶೆಯ ಅಳತೆಗೆ ಆಗಬೇಕು, ನಕಾಶೆ ಕಟ್ಟಿನ ಅಳತೆಗಲ್ಲ. ಮೌಂಟ್ ಬೋರ್ಡ್ ಹಾಕಿಸಿ. ಅದು ಬರೀ ಚೆಂದಕ್ಕಲ್ಲ, ಕಾಗದಕ್ಕೂ ಗಾಜಿಗೂ ನಡುವೆ ಸಂದು ಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ಸಂದು ಇಲ್ಲದಿದ್ದರೆ ಕಾಗದ ಗಾಜಿಗೆ ಕಚ್ಚಿಕೊಂಡು ಬೂಷ್ಟು ಹಿಡಿಯುತ್ತದೆ. ಬೆನ್ನಿಗೆ ಅಂಟು ಬಳಿಯಬೇಡಿ ಅನ್ನಿ, ಮೇಲಿನ ಎರಡು ಮೂಲೆಯಲ್ಲಿ ಕಾಗದದ ಪಟ್ಟಿಯಿಂದ ತೂಗುಬಿಟ್ಟರೆ ಸಾಕು. ಬಿಸಿಲು ಬೀಳುವ ಗೋಡೆ ಬೇಡ. ಪಟ್ಟಿ ಸಣ್ಣದಿರಲಿ; ಅಂಗೈ ಅಗಲದ ಬಂಗಾರ ದೇವರ ಫೋಟೋಗೆ ಒಪ್ಪುತ್ತದೆ. ಮತ್ತೆ, ಕೆಳಗೆ ಯಾರದು, ಯಾವ ವರ್ಷದ್ದು ಅಂತ ಒಂದು ಸಾಲು ಬರೆಸಿ.

ಯಾವ ನಕಾಶೆ ಅಂತ ಕೇಳುತ್ತೀರಾ? ನಿಮ್ಮ ಊರು ಇರುವಂಥದ್ದು. ಗ್ರಾಮನಕಾಶೆ ಇದ್ದೇ ಇದೆ. ಸ್ವಲ್ಪ ದೊಡ್ಡ ಸೀಮೆ ಬೇಕು ಅಂದರೆ ಸರ್ವೆ ಆಫ್ ಇಂಡಿಯಾದ ಹಾಳೆಗಳಿವೆ. ಶಿವಮೊಗ್ಗ, ಭದ್ರಾವತಿ 48ಓ ಚೌಕದಲ್ಲಿ ಬರುತ್ತವೆ, ಲಿಂಗನಮಕ್ಕಿ 48ಜೆ ಚೌಕದಲ್ಲಿ. ಅಮೆರಿಕದ ಸೈನ್ಯದ ನಕಾಶೆ ವಿಭಾಗ 1950ರ ದಶಕದಲ್ಲಿ 1:250,000 ಅಳತೆಯಲ್ಲಿ ಮಾಡಿದ ಇಂಡಿಯಾದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಪುಕ್ಕಟೆ ಇಟ್ಟಿದೆ. ಅವು ಲಿಂಗನಮಕ್ಕಿಗಿಂತ ಮೊದಲಿನವು. ನೀರು ಇವತ್ತಿನಷ್ಟು ಹರಡಿಲ್ಲದ ಶರಾವತಿ ಕಣಿವೆಯನ್ನು ಪರದೆ ಮೇಲೆ ದೊಡ್ಡದು ಮಾಡಿ ಅಪ್ಪನಿಗೆ ತೋರಿಸಿದೆ. ಅವರು ನದಿಯ ಒಂದು ತಿರುವಿನಲ್ಲಿ ಬೆರಳಿಟ್ಟರು. ಲ್ಯಾಪ್‌ಟಾಪ್ ಪರದೆಯ ಮೇಲೆ ಜಿಡ್ಡು ಹತ್ತಿತು. ಒರೆಸಲಿಲ್ಲ.

ಗೆಳೆಯನಿಗೂ ಅವನ ಅಜ್ಜನ ಊರು ಬರುವ ಹಾಳೆಯನ್ನು ಕಳಿಸಿದೆ. ನೋಡಿದ, ಇಷ್ಟವಾಯಿತು. ಪ್ರಿಂಟ್ ಹಾಕಿಸುತ್ತೇನೆ ಅಂದ. ಐದು ನಿಮಿಷ ಬಿಟ್ಟು ಮತ್ತೆ ಮೆಸೇಜು: "ಮಗಾ, ಬಿಳಿ ಜಾಸ್ತಿ ಆಯ್ತು. ಸ್ವಲ್ಪ ಕಂದು ಮಾಡಿ ಕೊಡ್ತಾರಾ?"

ಅದನ್ನು ಭದ್ರಾವತಿ ಮಾವನಿಗೆ ಓದಿ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಮಿಲ್ಲು ನಡೀತಾ ಇದ್ದಿದ್ರೆ ನ್ಯೂಸ್‌ಪ್ರಿಂಟಲ್ಲಿ ಒಂದು ಶೀಟ್ ಹಾಕ್ಸಿ ಕೊಡಬಹುದಿತ್ತು ಅಳಿಯಾ. ಬಿಸಿಲಿಗೆ ಇಟ್ರೆ ತಾನೇ ಕಂದಾಗ್ತಿತ್ತು."